ಪ್ರಮಾಣಪತ್ರ ಕೈಗೆ ಬಂದ ಮೇಲಿನ ಮೂರು ತಿಂಗಳು: ಕಂಪ್ಯೂಟರ್ ಕಲಿತ ನಮ್ಮ ಹುಡುಗರು ಕೆಲಸದಲ್ಲಿ ಏಕೆ ನಿಲ್ಲುತ್ತಿಲ್ಲ?

ಸಂಜೆ ತರಗತಿ, ದಾವಣಗೆರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ನಾವು ಮೂವರು ಸ್ನೇಹಿತರು ಮೂರು ವರ್ಷಗಳಿಂದ ಉಚಿತ ಕಂಪ್ಯೂಟರ್ ತರಗತಿ ನಡೆಸುತ್ತಿದ್ದೇವೆ. ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಪಾಠ. ಇರುವುದು ಆರು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್. ಬರುವವರಲ್ಲಿ ಹೆಚ್ಚಿನವರು ಭಟ್ಟಿ ಕೆಲಸಗಾರರ, ಬೀಡಿ ಕಟ್ಟುವವರ ಮತ್ತು ಹಮಾಲರ ಮಕ್ಕಳು. ಎಸ್ಸೆಸ್ಸೆಲ್ಸಿ ಮುಗಿಸಿ ನಿಂತವರಿದ್ದಾರೆ, ಪಿಯುಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡವರಿದ್ದಾರೆ, ಬಿ.ಎ. ಮುಗಿಸಿಯೂ ಗ್ಯಾರೇಜಿಗೆ ಹೋಗುತ್ತಿರುವವರಿದ್ದಾರೆ.

ಈವರೆಗೆ ಪೂರ್ತಿ ಕಲಿತು ಹೊರಬಿದ್ದವರು ಮೂವತ್ತೊಂದು ಮಂದಿ. ಅವರಲ್ಲಿ ಹನ್ನೊಂದು ಮಂದಿಗೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿತು. ಆರು ತಿಂಗಳ ನಂತರವೂ ಅಲ್ಲಿಯೇ ಇದ್ದವರು ನಾಲ್ವರು ಮಾತ್ರ. ಉಳಿದ ಏಳು ಮಂದಿಯ ಮನೆಗೆ ನಾನೇ ಹೋಗಿ ಕಾರಣ ಕೇಳಿದೆ. ಕಲಿಸಿದ್ದು ಸಾಲದೇ ಹೋಯಿತೇನೋ ಎಂಬ ಅಳುಕಿನಿಂದಲೇ ಹೋಗಿದ್ದೆ. ಆದರೆ ಏಳರಲ್ಲಿ ಐದು ಮನೆಗಳಲ್ಲಿ ಕೇಳಿಬಂದದ್ದು ಒಂದೇ ಮಾತು, ಬಟವಾಡೆಯ ಮಾತು. ಭಟ್ಟಿಯಲ್ಲಿ ದುಡಿಯುವ ಮನೆ ನಡೆಯುವುದು ವಾರದ ಬಟವಾಡೆಯ ಮೇಲೆ. ಕಿರಾಣಿ ಅಂಗಡಿಯ ಉದ್ದರಿ, ಸಂಘದ ಕಂತು, ಗ್ಯಾಸು ಎಲ್ಲವೂ ಆ ವಾರದ ಲೆಕ್ಕಕ್ಕೇ ಹೊಂದಿಕೊಂಡಿರುತ್ತವೆ. ತಿಂಗಳ ನಡುವೆ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ಸಂಬಳ ಬರುವಷ್ಟರಲ್ಲಿ ನಲವತ್ತು ದಿನ ಕಳೆದಿರುತ್ತದೆ. ಅಷ್ಟು ದಿನ ಮನೆಗೆ ಅವನ ದುಡಿಮೆಯೂ ಇಲ್ಲ, ಮೇಲಾಗಿ ಅವನ ಬಸ್ಸಿನ ಖರ್ಚು, ಊಟದ ಖರ್ಚು, ಇಸ್ತ್ರಿ ಮಾಡಿದ ಒಂದು ಜೊತೆ ಬಟ್ಟೆಯ ಖರ್ಚು. ಮೂರನೆಯ ವಾರಕ್ಕೆ ಅಪ್ಪ, 'ಸದ್ಯಕ್ಕೆ ಭಟ್ಟಿಗೆ ಬಾ, ಆಮೇಲೆ ನೋಡೋಣ' ಎನ್ನುತ್ತಾರೆ. ಆ 'ಆಮೇಲೆ' ಮತ್ತೆ ಬರುವುದಿಲ್ಲ.

ಸರ್ಕಾರದ ಯೋಜನೆಗಳಲ್ಲಿ ಈ ಕಂದಕಕ್ಕೆ ಸೇತುವೆ ಇದೆಯೇ ಎಂದು ಹುಡುಕಿದೆ. 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ, ಕೆಲಸಕ್ಕೆ ಸೇರಿದವರಿಗೆ ತಿಂಗಳಿಗೆ 1,000 ರೂಪಾಯಿಯಂತೆ ಸ್ವಂತ ಜಿಲ್ಲೆಯೊಳಗಾದರೆ 2 ತಿಂಗಳು, ರಾಜ್ಯದೊಳಗಾದರೆ 3 ತಿಂಗಳು, ಹೊರ ರಾಜ್ಯವಾದರೆ 6 ತಿಂಗಳು ನೆರವು ಕೊಡುವ ಏರ್ಪಾಡನ್ನು ಮಾರ್ಗಸೂಚಿಯಲ್ಲಿಯೇ ಇಟ್ಟಿದ್ದರು. ಅದನ್ನು ಬರೆದವರಿಗೆ ಈ ಸಂಗತಿ ಗೊತ್ತಿತ್ತು ಎಂಬುದು ನನಗೆ ಸಮಾಧಾನ. ಆದರೆ ಅದು ಗ್ರಾಮೀಣ ಬಡ ಕುಟುಂಬಗಳ ಯುವಕರಿಗೆ ಮೀಸಲು. ನಗರಪಾಲಿಕೆಯ ವ್ಯಾಪ್ತಿಯಲ್ಲಿರುವ ನಮ್ಮ ಭಟ್ಟಿ ಸಾಲಿನವರಿಗೆ ಸಲ್ಲದು. ರಾಜ್ಯದ ಯುವನಿಧಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ, ಅದೂ ಕೆಲಸ ಸಿಗುವವರೆಗೆ ಮಾತ್ರ. ಪಿಯುಸಿಯಲ್ಲಿ ನಿಂತವರು ಅದರ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ಇದು. ಪಾಠವನ್ನು ಇನ್ನಷ್ಟು ಹಿಗ್ಗಿಸುವ ಬದಲು, ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳಿಗೆ ನಮ್ಮ ಕೈಯಲ್ಲಿರುವ ಅಲ್ಪ ಹಣವನ್ನೂ ಶ್ರಮವನ್ನೂ ತಿರುಗಿಸುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಮಂಡಿ ಲೆಕ್ಕ, ದಾವಣಗೆರೆ

ಸರ್, ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹದಿನೇಳು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಹಣದ ಮಾತನ್ನು ಒಪ್ಪುತ್ತೇನೆ, ಆದರೆ ಪಾಠದ ಮಾತನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಬೇಡಿ.

ಪ್ರಮಾಣಪತ್ರ ಹಿಡಿದು ನಮ್ಮಲ್ಲಿಗೆ ಬರುವ ಹುಡುಗರಿಗೆ ಪವರ್‌ಪಾಯಿಂಟಿನಲ್ಲಿ ಹೂವು ಹಾರಿಸುವುದು ಗೊತ್ತು, ಉಳಿಸಿದ ಕಡತ ಎಲ್ಲಿ ಹೋಯಿತು ಎಂಬುದು ಗೊತ್ತಿಲ್ಲ. ನಮಗೆ ಬೇಕಾದದ್ದು ತೀರಾ ಸರಳ. ತೂಕದ ಚೀಟಿ ನೋಡಿ ಕ್ವಿಂಟಾಲಿನ ಲೆಕ್ಕ ಹಾಕಬೇಕು, ಹಮಾಲಿ ಮತ್ತು ಮಾರುಕಟ್ಟೆ ಶುಲ್ಕ ಯಾರ ಖಾತೆಗೆ ಹೋಗುತ್ತದೆ ಎಂದು ತಿಳಿದು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಏರಿಸಬೇಕು, ತೆರಿಗೆ ಬೀಳುವ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಲಾರಿ ಹೊರಡುವ ಮುಂಚೆ ಸರಕು ಸಾಗಣೆಯ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್ ತೆಗೆಯಬೇಕು, ಬಿಲ್ಲಿನ ಪಿಡಿಎಫ್‌ಗೆ ಪಾರ್ಟಿಯ ಹೆಸರು ಮತ್ತು ತಾರೀಖು ಇಟ್ಟು ಕಳುಹಿಸಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ; 'ಸ್ಕ್ಯಾನ್ 1', 'ಸ್ಕ್ಯಾನ್ 1 ಹೊಸದು' ಎಂದು ಹೆಸರಿಟ್ಟ ಇನ್ನೂರು ಕಡತಗಳನ್ನು ನಾನು ಒಂದು ಭಾನುವಾರ ಕೂತು ಸರಿಪಡಿಸಿದ್ದೇನೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಚಿಕ್ಕ ಅಂಗಡಿಯವರಿಗೂ ಇಂತಹ ಹುಡುಗರು ಬೇಕಾಗಿದ್ದಾರೆ. ಚೌಕಿಪೇಟೆಯಲ್ಲಿ ಕೇಳಿ, ಅಕ್ಕಿ ಗಿರಣಿಗಳಲ್ಲಿ ಕೇಳಿ, ಅಡಿಕೆ ವ್ಯಾಪಾರಿಗಳನ್ನು ಕೇಳಿ. ಕೆಲಸ ಇದೆ. ಅದಕ್ಕೆ ಯಾರೂ ಪತ್ರಿಕೆಯಲ್ಲಿ ಜಾಹೀರಾತು ಕೊಡುವುದಿಲ್ಲ, ಗುರುತಿನವರ ಮೂಲಕವೇ ಹುಡುಗರನ್ನು ಇಟ್ಟುಕೊಳ್ಳುತ್ತಾರೆ. ನಿಮ್ಮ ಹುಡುಗರಿಗೆ ಇಲ್ಲದಿರುವುದು ಆ ಗುರುತು.

ನನ್ನ ಸಲಹೆ: ಕೊನೆಯ ತಿಂಗಳ ಪಾಠವನ್ನು ಕೋಣೆಯಲ್ಲಿ ಮಾಡಬೇಡಿ, ಮಂಡಿಯಲ್ಲಿ ಮಾಡಿ. ಆವಕ ಹೆಚ್ಚಿರುವ ದಿನಗಳಲ್ಲಿ ಮಧ್ಯಾಹ್ನ ಇಬ್ಬರನ್ನು ನನ್ನ ಪಕ್ಕ ಕೂರಿಸಿ.

ಜಗಳೂರು ಬಸ್ಸು

ಸರ್, ಈ ಚರ್ಚೆಯಲ್ಲಿ ಹುಡುಗರು, ಹುಡುಗರು ಎಂದೇ ಬರುತ್ತಿದೆ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು. ಅವ್ವ ಕೂಲಿಗೆ ಹೋಗುತ್ತಾರೆ. ದಾವಣಗೆರೆಯ ಒಂದು ಆಸ್ಪತ್ರೆಯ ವಿಮಾ ವಿಭಾಗದಲ್ಲಿ ನಾನು ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರೋಗಿಯ ಕಾರ್ಡು ಪರಿಶೀಲಿಸಿ, ವೈದ್ಯರ ಟಿಪ್ಪಣಿ ಮತ್ತು ಸ್ಕ್ಯಾನ್ ವರದಿಗಳನ್ನು ಏರಿಸಿ, ಚಿಕಿತ್ಸೆಗೆ ಮುಂಚಿನ ಅನುಮತಿ ಬರುವವರೆಗೆ ಬೆನ್ನುಹತ್ತುವುದು ನನ್ನ ಕೆಲಸ. ಒಂದು ಅಂಕಿ ತಪ್ಪಾದರೂ ಅರ್ಜಿ ಹಿಂದಿರುಗುತ್ತದೆ, ಹೊರಗೆ ಬೆಂಚಿನ ಮೇಲೆ ರೋಗಿಯ ಮನೆಯವರು ಕಾಯುತ್ತಿರುತ್ತಾರೆ.

ನಾನು ಕೆಲಸದಲ್ಲಿ ನಿಂತದ್ದಕ್ಕೆ ಮುಖ್ಯ ಕಾರಣ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಂತಾಯಿತು. ಅದಕ್ಕೂ ಮುಂಚೆ ನನ್ನ ಅಕ್ಕನಿಗೂ ಇಂಥದೇ ಕೆಲಸ ಸಿಕ್ಕಿತ್ತು; ಸಂಬಳದಲ್ಲಿ ಬಸ್ ಚಾರ್ಜು ಕಳೆದರೆ ಉಳಿಯುವುದೇನು ಎಂದು ಅಪ್ಪ ಬಿಡಿಸಿದರು. ಒಂದೇ ಮನೆ, ಒಂದೇ ಓದು, ನಡುವೆ ನಾಲ್ಕು ವರ್ಷ. ಆದರೆ ನಮ್ಮ ಹಳ್ಳಿಯಿಂದ ಹೊರಡುವ ಸರ್ಕಾರಿ ಬಸ್ಸು ಬೆಳಿಗ್ಗೆ ಒಂದೇ. ಅದು ತಪ್ಪಿದರೆ ಖಾಸಗಿ ಬಸ್ಸೇ ಗತಿ, ಅಲ್ಲಿ ಉಚಿತವಿಲ್ಲ.

ಇನ್ನೊಂದು ವಿಷಯ ಫೋನಿನದು. 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗ್ಗೆ 2023ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿ ಹೇಳುವಂತೆ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ 43.7% ಮಂದಿಗೆ ಸ್ವಂತ ಫೋನಿದ್ದರೆ, ಹುಡುಗಿಯರಲ್ಲಿ ಸ್ವಂತದ್ದು ಇರುವುದು 19.8% ಮಂದಿಗೆ ಮಾತ್ರ. ಅದರ ಅರ್ಥ ಏನೆಂದು ನನ್ನನ್ನು ಕೇಳಿ. ಅರ್ಜಿ ಹಾಕುವ ಎಲ್ಲ ಕಡೆಯೂ ಒಟಿಪಿ ಬೇಕು. ಒಟಿಪಿ ಬರುತ್ತಿದ್ದುದು ಅಣ್ಣನ ಫೋನಿಗೆ. ಅಣ್ಣ ಇರುತ್ತಿದ್ದುದು ಹೊಲದಲ್ಲಿ. ನನಗೆ ಬಂದ ಮೊದಲ ಸಂದರ್ಶನದ ಕರೆಯನ್ನು ಅವನು ತೆಗೆದುಕೊಂಡು 'ಅವಳು ಬರುವುದಿಲ್ಲ' ಎಂದುಬಿಟ್ಟಿದ್ದ. ಅದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ಆದ್ದರಿಂದ ಹುಡುಗಿಯರಿಗೆ ತರಗತಿಯ ಮೊದಲ ದಿನವೇ ಸ್ವಂತ ಹೆಸರಿನ ಸಿಮ್ಮು ಮತ್ತು ಸ್ವಂತ ಇ-ಮೇಲ್ ಮಾಡಿಸಿ, ಗುಪ್ತಪದವನ್ನು ಅವರಿಗೇ ಬಾಯಿಪಾಠ ಮಾಡಿಸಿ. ಎಕ್ಸೆಲ್ ಆಮೇಲೆ ಕಲಿಯಬಹುದು. ನಿಮ್ಮ ತರಗತಿ ಎಂಟೂವರೆಗೆ ಬಿಡುತ್ತದೆ ಎಂದಿದ್ದೀರಿ. ಮೂವತ್ತೊಂದು ಮಂದಿಯಲ್ಲಿ ಹುಡುಗಿಯರು ಎಷ್ಟು ಮಂದಿ ಎಂದು ಕೇಳಬಹುದೇ?

ಸಂಜೆ ತರಗತಿ, ದಾವಣಗೆರೆ

ಐದು ಮಂದಿ, ತಂಗಿ. ಪ್ರಶ್ನೆ ತಟ್ಟಿತು. ಸಮಯ ನಮಗೆ ಅನುಕೂಲವಾದದ್ದನ್ನು ಇಟ್ಟುಕೊಂಡಿದ್ದೇವೆಯೇ ಹೊರತು ಅವರನ್ನು ಕೇಳಿ ಇಟ್ಟದ್ದಲ್ಲ.

ಹರಿಹರದವನು, ಈಗ ಬೆಂಗಳೂರು

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಂಡಿಯಲ್ಲಿ ಬಿಲ್ ಏರಿಸುವ ಕೆಲಸಕ್ಕೆ ಇಷ್ಟೆಲ್ಲ ತಯಾರಿ ಮಾಡಿಸಿದರೆ ಐದು ವರ್ಷದ ನಂತರ ಆ ಹುಡುಗ ಎಲ್ಲಿರುತ್ತಾನೆ? ಚೀಟಿಯ ಫೋಟೋ ತೆಗೆದರೆ ಅಂಕಿಗಳನ್ನು ತಾನೇ ಓದಿ ತುಂಬುವ ತಂತ್ರಾಂಶಗಳು ಈಗಾಗಲೇ ಬಂದಿವೆ. ಬರೀ ನೋಡಿ ಟೈಪು ಮಾಡುವ ಕೆಲಸ ಸವೆಯುತ್ತಲೇ ಹೋಗುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿ ನಿಂತ ಮೇಲೆ ಮಗ್ಗದ ಕೌಶಲ್ಯ ಹಿಡಿದು ಎಷ್ಟು ಮನೆಗಳು ಏನು ಮಾಡಿದವು ಎಂಬುದನ್ನು ನನ್ನ ತಾತನಿಂದ ಕೇಳಿ ಬೆಳೆದವನು ನಾನು. ಹುಡುಗರಿಗೆ ಪ್ರೋಗ್ರಾಮಿಂಗ್, ಟೆಸ್ಟಿಂಗ್ ಕಲಿಸಿ ಬೆಂಗಳೂರಿಗೆ ಕಳುಹಿಸಿ.

ಅದು ಕಷ್ಟವೇ, ನಿಜ. ನಾನು ಡಿಪ್ಲೊಮಾ ಮುಗಿಸಿ ಬಂದಾಗ ಪೀಣ್ಯದಲ್ಲಿ ಊರಿನವನೊಬ್ಬನ ಕೋಣೆಯಲ್ಲಿ ಚಾಪೆ ಹಾಸಿ ನಾಲ್ಕು ತಿಂಗಳು ಕಳೆದೆ. ಆ ಚಾಪೆ ಇರದಿದ್ದರೆ ನಾನೂ ಹಿಂದಿರುಗುತ್ತಿದ್ದೆ.

ಕೋಪಾ ಬೋಧಕ, ಚಳ್ಳಕೆರೆ

ಹರಿಹರದ ಸಹೋದರರೇ, ನಿಮ್ಮ ಬರಹದ ಕೊನೆಯ ಎರಡು ವಾಕ್ಯಗಳು ಮೂಲ ಪ್ರಶ್ನೆಗೆ ಉತ್ತರ ಕೊಟ್ಟಿವೆ. ನಿಮಗೆ ಚಾಪೆ ಇತ್ತು, ಅಂದರೆ ಊರಿನವನೊಬ್ಬ ಅಲ್ಲಿ ಮುಂಚೆಯೇ ಹೋಗಿ ನೆಲೆ ಮಾಡಿಕೊಂಡಿದ್ದ. ಗೊಲ್ಲರಹಟ್ಟಿಯಿಂದ, ತಾಂಡಾದಿಂದ ಬರುವ ನನ್ನ ವಿದ್ಯಾರ್ಥಿಗೆ ಪೀಣ್ಯದಲ್ಲಿರಲಿ, ಚಿತ್ರದುರ್ಗದಲ್ಲಿಯೂ ಅಂತಹ ಕೋಣೆ ಇರುವುದಿಲ್ಲ. ಆದರೆ ಯಂತ್ರ ಓದಿ ತುಂಬಿದ ಅಂಕಿ ಸರಿಯೇ ತಪ್ಪೇ ಎಂದು ಹಿಡಿಯಬಲ್ಲವನು ಯಾವತ್ತೂ ಬೇಕು. ತೂಕದ ಚೀಟಿಯ ಅರ್ಥ ಬಲ್ಲವನು ಮಾತ್ರ ಅದನ್ನು ಹಿಡಿಯಬಲ್ಲ. ಹಾಗಾಗಿ ಮಂಡಿಯಲ್ಲಿ ಕೂತು ಕಲಿತದ್ದು ನಷ್ಟವಾಗುವುದಿಲ್ಲ ಎಂದೇ ನನ್ನ ಎಣಿಕೆ.

ಐಟಿಐಗಳಲ್ಲಿ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಸಹಾಯಕ ಎಂಬ ಒಂದು ವರ್ಷದ ವೃತ್ತಿ ಇದೆ, ನಾವು ಕೋಪಾ ಎನ್ನುತ್ತೇವೆ. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಆದರೆ ನಾನು ಇಲ್ಲಿ ಹೇಳಬೇಕೆಂದದ್ದು ಅದರ ನಂತರ ಭತ್ಯೆ ಪಡೆಯುತ್ತ ಸಂಸ್ಥೆಯಲ್ಲೇ ಕೆಲಸ ಕಲಿಯುವ ಅಪ್ರೆಂಟಿಸ್‌ಶಿಪ್ ಬಗ್ಗೆ, ಏಕೆಂದರೆ ನಿಮ್ಮ ಬಟವಾಡೆಯ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದೆ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕವಾದರೂ ನಾಲ್ಕು ಮಂದಿಯಾದರೂ ಇರುವ ಸಂಸ್ಥೆಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಭತ್ಯೆಯ 25% ಭಾಗವನ್ನು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಯ ಮಾಲೀಕರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು, 'ಮೇಷ್ಟ್ರೇ, ಆ ಪೋರ್ಟಲ್ಲಿನಲ್ಲಿ ನಮ್ಮನ್ನು ನೋಂದಾಯಿಸುವವರು ಯಾರು?' ಎಂದು. ಮಾಲೀಕರ ಪರವಾಗಿ ಆ ಅರ್ಜಿ ತುಂಬಿಕೊಟ್ಟವನು ನನ್ನ ವಿದ್ಯಾರ್ಥಿಯೇ, ಆಮೇಲೆ ಅಲ್ಲಿಗೇ ಸೇರಿದ.

ಭಾಷೆಯ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಆದೇಶಗಳನ್ನು ಮಗ್ಗಿಯಂತೆ ಉರುಹೊಡೆದವನು ಪರದೆಯ ಮೇಲೆ ಚಿಹ್ನೆಯ ಜಾಗ ಬದಲಾದರೆ ಕೈಚೆಲ್ಲುತ್ತಾನೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದ ಧ್ವನಿಯಲ್ಲಿಯೂ ಇವೆ, ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಪರದೆಯ ಅರ್ಧದಲ್ಲಿ ಪಾಠ, ಅರ್ಧದಲ್ಲಿ ತಾನೇ ಮಾಡುವ ಅಭ್ಯಾಸ. ಕರೆಂಟು ಒಂದಿದ್ದರೆ ಸಾಕು.

ಸ್ವಂತ ಉದ್ಯೋಗ ಮಾಡುವ ಮನಸ್ಸಿನವರಿಗೆ ಚಿತ್ರದುರ್ಗದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಮೊದಲಾದ ಆ ಮಾದರಿಯಲ್ಲಿ ತರಬೇತಿಯ ನಂತರವೂ ಅಭ್ಯರ್ಥಿಯ ಬೆನ್ನ ಹಿಂದೆ ಇರುವ ಪದ್ಧತಿ ಇದೆ. ನಾವು ಅದರಿಂದ ಕಲಿಯಬೇಕಾದದ್ದು ಅದನ್ನೇ.

ಅರಿವು ಕೇಂದ್ರ, ಮೊಳಕಾಲ್ಮೂರು ತಾಲ್ಲೂಕು

ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂದು ಹೆಸರಾದ ಮೇಲೆ ಎರಡು ಕಂಪ್ಯೂಟರ್ ಬಂದವು. ಮೊದಲ ಮೂರು ತಿಂಗಳು ಅವುಗಳ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೆವು, ಹಾಳಾದರೆ ಯಾರು ಜವಾಬು ಎಂಬ ಭಯದಿಂದ. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಈಗ ರೇಷ್ಮೆ ಸೀರೆ ನೇಯುವ ಮನೆಗಳ ಹೆಣ್ಣುಮಕ್ಕಳು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಂದು ಅಭ್ಯಾಸ ಮಾಡುತ್ತಾರೆ. ಪಾಠ ಎಲ್ಲಿಯಾದರೂ ಕಲಿಯಲಿ, ಕೈ ಪಳಗಿಸುವ ಜಾಗ ಮನೆಯ ಹತ್ತಿರವಿರಬೇಕು.

ನಾನು ಬರೆಯಬೇಕೆಂದದ್ದು ಮೋಸದ ವಿಷಯ. ಅಭ್ಯಾಸ ಮಾಡಿ ಕೈ ಕುದುರಿದ ಹುಡುಗನೊಬ್ಬನಿಗೆ 'ಮನೆಯಲ್ಲೇ ಕೂತು ಡೇಟಾ ಎಂಟ್ರಿ' ಎಂಬ ಸಂದೇಶ ಬಂತು. ನೋಂದಣಿಗೆ 2,500 ರೂಪಾಯಿ ಕಟ್ಟಿದ. ಒಂದು ವಾರ ಹಗಲು ರಾತ್ರಿ ಟೈಪು ಮಾಡಿದ. ಕೊನೆಗೆ 'ನಿಮ್ಮ ಕೆಲಸದಲ್ಲಿ ತಪ್ಪುಗಳಿವೆ, ಒಪ್ಪಂದ ಮುರಿದಿದ್ದೀರಿ, 6,000 ದಂಡ ಕಟ್ಟದಿದ್ದರೆ ವಕೀಲರ ನೋಟಿಸು' ಎಂದು ಹೆದರಿಸಿದರು. ಅವನು ಅವ್ವನ ಸಂಘದ ಸಾಲದಿಂದ ತೆಗೆದು ಕಟ್ಟಲು ಹೊರಟಿದ್ದ. ಹೇಗೋ ನನ್ನ ಕಿವಿಗೆ ಬಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ದಂಡ ಉಳಿಯಿತು, ಮೊದಲು ಕಟ್ಟಿದ್ದು ಹಿಂದಿರುಗಲಿಲ್ಲ. ಡೇಟಾ ಎಂಟ್ರಿ ಕೆಲಸವೆಂದು ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಕರೆದೊಯ್ದು ಸೈಬರ್ ವಂಚನೆಯ ಅಡ್ಡೆಗಳಲ್ಲಿ ಭಾರತದ ಯುವಕರನ್ನು ಕೂಡಿಹಾಕಿದ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ಕೆಲಸ ಕೊಡುವವನು ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ ಎಂಬುದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಹಸಿದವನು ಗೋಡೆ ಓದುವುದಿಲ್ಲ ಎನ್ನುವುದೂ ನಿಜ. ನಲವತ್ತು ದಿನದ ಆ ಖಾಲಿ ಕಾಲದಲ್ಲಿಯೇ ಇಂತಹ ಸಂದೇಶಗಳು ಹೆಚ್ಚು ನಂಬಿಕೆ ಹುಟ್ಟಿಸುತ್ತವೆ.

ಕಿವಿಯಲ್ಲಿ ಓದುವವನು, ಚಿತ್ರದುರ್ಗ

ನನಗೆ ದೃಷ್ಟಿ ಇಲ್ಲ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶದಿಂದ ಈ ಚರ್ಚೆಯನ್ನು ಕನ್ನಡದಲ್ಲಿಯೇ ಕೇಳಿಸಿಕೊಂಡು ಉತ್ತರಿಸುತ್ತಿದ್ದೇನೆ. ಇಲ್ಲಿ ಯಾರೂ ನಮ್ಮನ್ನು ಎಣಿಸಲಿಲ್ಲ, ಹೋಗಲಿ.

ಒಂದು ತಾಂತ್ರಿಕ ಸಂಗತಿ ಹೇಳುತ್ತೇನೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಶೇಖರವಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಾಗಿ. ನನ್ನ ಯಂತ್ರಕ್ಕೆ ಅದು ಬರೀ ಗದ್ದಲ. ಹುಡುಕಿದರೂ ಸಿಗುವುದಿಲ್ಲ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ನಿಮಗೂ ಗದ್ದಲವೇ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ಬರೆದರೆ ಈ ತೊಂದರೆ ಇಲ್ಲ. ಕೀಲಿಮಣೆ ಬದಲಿಸಬೇಕಾಗಿಯೂ ಇಲ್ಲ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಗಳಿಂದ ಯೂನಿಕೋಡನ್ನೂ ಟೈಪು ಮಾಡಬಹುದು. ಕಚೇರಿಗಳಲ್ಲಿ, ವಕೀಲರಲ್ಲಿ, ಮುದ್ರಣಾಲಯಗಳಲ್ಲಿ ರಾಶಿ ಬಿದ್ದಿರುವ ಹಳೆಯ ಕಡತಗಳನ್ನು ಪರಿವರ್ತಿಸಿ, ಪರಿವರ್ತಕ ಕೆಡಿಸಿದ ಒತ್ತಕ್ಷರಗಳನ್ನು ತಿದ್ದುವುದು ಕನ್ನಡ ಚೆನ್ನಾಗಿ ಬಲ್ಲವನಿಗೆ ಮಾತ್ರ ಸಾಧ್ಯವಾದ ಕೆಲಸ. ನಾನೂ ನನ್ನ ಗೆಳೆಯನೂ ಒಬ್ಬ ಮುದ್ರಕರಿಗೆ ಪುಟದ ಲೆಕ್ಕದಲ್ಲಿ ಅದನ್ನು ಮಾಡಿಕೊಡುತ್ತೇವೆ. ಪುಟದ ಲೆಕ್ಕವಾದ್ದರಿಂದ ಹಣ ಶನಿವಾರವೇ ಕೈಗೆ ಬರುತ್ತದೆ, ಅದೂ ಒಂದು ಬಟವಾಡೆಯೇ.

ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಕೊರತೆಯೆಂದು ಬಗೆದು ಮುಚ್ಚಿಡಲು ಕಲಿಸಬೇಡಿ ಎಂದು ಕೋರುತ್ತೇನೆ.

ಸಂಜೆ ತರಗತಿ, ದಾವಣಗೆರೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಿನ್ನೆ ನಾವು ಮೂವರೂ ಕೂತು ಕೆಲವು ನಿರ್ಧಾರ ಮಾಡಿದೆವು. ಹೊಸ ತಂಡಕ್ಕೆ ಪ್ರತಿ ಸಲದಂತೆ ಹದಿನಾಲ್ಕು ಮಂದಿಯ ಬದಲು ಎಂಟೇ ಮಂದಿ. ಉಳಿಯುವ ಹಣದಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ಆರು ವಾರ, ವಾರಕ್ಕೆ 500 ರೂಪಾಯಿಯಂತೆ ಶನಿವಾರ ಕೊಡುತ್ತೇವೆ. ಮೊತ್ತ ಚಿಕ್ಕದು, ಬಟವಾಡೆಗೆ ಸಾಟಿಯಲ್ಲ. ಆದರೆ ಬಸ್ಸು ಮತ್ತು ಊಟದ ಭಾರ ಮನೆಯ ಮೇಲೆ ಬೀಳದಂತೆ ತಡೆಯಬಹುದು. ಅದನ್ನು ಸಾಲವೆಂದು ಕೊಡಬೇಕೇ ಎಂಬ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಸಾಲವಾದರೆ ಮೊದಲ ಸಂಬಳದ ದಿನವೇ ನಾವೂ ಸಾಲ ಕೊಟ್ಟವರಾಗಿ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ ಎಂದು ನಾನು ವಾದಿಸಿ ಗೆದ್ದೆ.

ಹುಡುಗಿಯರಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಬೇರೆ ತರಗತಿ ಇಡುತ್ತೇವೆ. ಆ ಹೊತ್ತಿನಲ್ಲಿ ನಾವು ಮೂವರೂ ಕೆಲಸದಲ್ಲಿರುತ್ತೇವೆ, ಆದ್ದರಿಂದ ಹಿಂದಿನ ತಂಡಗಳ ಐವರು ಹುಡುಗಿಯರಲ್ಲಿ ಇಬ್ಬರು ಕಲಿಸಲು ಒಪ್ಪಿದ್ದಾರೆ. ಅವರಿಗೂ ಗೌರವಧನ ಕೊಡಬೇಕು. ಅದಕ್ಕೆ ಹಣ ಇನ್ನೂ ಹೊಂದಿಲ್ಲ. ಬೋಧಕರೇ, ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿಕೊಳ್ಳಲು ಒಂದು ಭಾನುವಾರ ಚಳ್ಳಕೆರೆಗೆ ಬರಬಹುದೇ? ಹಾಗೆಯೇ ಕೀಲಿಮಣೆಗೆ ಅಂಟಿಸುವ ಕನ್ನಡ ಅಕ್ಷರಗಳ ಸ್ಟಿಕ್ಕರ್ ಚಿತ್ರದುರ್ಗದಲ್ಲಿ ಎಲ್ಲಾದರೂ ಸಿಗುತ್ತದೆಯೇ? ಇಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ, ಸಿಗಲಿಲ್ಲ.

ಕೋಪಾ ಬೋಧಕ, ಚಳ್ಳಕೆರೆ

ಬನ್ನಿ, ಊಟ ನಮ್ಮ ಮನೆಯಲ್ಲೇ. ಸ್ಟಿಕ್ಕರ್ ಹುಡುಕಬೇಡಿ, ಮೊದಲ ವಾರ ಅಕ್ಷರಗಳ ಚಾರ್ಟು ಗೋಡೆಗೆ ಹಚ್ಚಿ, ಎರಡನೆಯ ವಾರ ಅದನ್ನೂ ತೆಗೆದುಬಿಡಿ. ಅಂಟಿಸಿದ ಸ್ಟಿಕ್ಕರ್ ಕಣ್ಣನ್ನು ಕೀಲಿಯಿಂದ ಏಳಲು ಬಿಡುವುದಿಲ್ಲ.

ಮಂಡಿ ಲೆಕ್ಕ, ದಾವಣಗೆರೆ

ಸರ್, ನಮ್ಮ ಸಾಹುಕಾರರ ಹತ್ತಿರ ಮಾತಾಡಿದೆ. ಹೊಸಬರಿಗೆ ಮೊದಲ ಎರಡು ತಿಂಗಳು ಸಂಬಳವನ್ನು ವಾರವಾರ ಹಂಚಿ ಕೊಡಲು ಆಗುತ್ತದೆಯೇ ಎಂದು ಕೇಳಿದ್ದಕ್ಕೆ, 'ಹಮಾಲರಿಗೆ ಕೊಡುತ್ತಿಲ್ಲವೇನು, ಇವರಿಗೂ ಅದೇ ದಿನ ಕೊಟ್ಟರಾಯಿತು' ಎಂದರು. ಇಷ್ಟು ಸುಲಭದ ಮಾತನ್ನು ಹದಿನೇಳು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಪಕ್ಕದ ಎರಡು ಮಂಡಿಗಳವರಿಗೂ ಹೇಳಿದ್ದೇನೆ, ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ನೋಡೋಣ ಎಂದಿದ್ದಾರೆ. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರನ್ನು ಕಳುಹಿಸಿ. ಒಬ್ಬಳು ಹುಡುಗಿಯಾದರೂ ಸರಿಯೇ, ನಮ್ಮ ಆಫೀಸಿನಲ್ಲಿ ಇನ್ನೊಬ್ಬ ಹೆಣ್ಣುಮಗಳು ಇದ್ದಾರೆ. ಬರುವಾಗ ಒಂದು ನೋಟ್‌ಬುಕ್ ತರಲಿ. ಮೊದಲ ವಾರ ಕಂಪ್ಯೂಟರ್ ಮುಟ್ಟಿಸುವುದಿಲ್ಲ, ತೂಕದ ಕಟ್ಟೆಯ ಹತ್ತಿರ ನಿಲ್ಲಿಸಿ ಚೀಟಿ ಓದಿಸುತ್ತೇನೆ.